ಪುರಸಭೆ ಇನ್ನೂ ಬೇಕಾ? ಮಂಡ್ಯ-ಮೈಸೂರು ಕಡೆಯ ಸಣ್ಣ ಪಟ್ಟಣಗಳ ಬಗ್ಗೆ

ಹಳೇ ಹೆದ್ದಾರಿ:
ನೇರವಾಗಿ ಕೇಳುತ್ತೇನೆ. 23 ವಾರ್ಡಿನ ಒಂದು ಪುರಸಭೆ ನಾಳೆಯಿಂದ ಇಲ್ಲ ಅಂದರೆ ಊರಿಗೆ ಏನು ನಷ್ಟ?

ಜನನ-ಮರಣ ಪತ್ರ ಆನ್‌ಲೈನ್. ಆಸ್ತಿ ತೆರಿಗೆ ಆನ್‌ಲೈನ್. ಖಾತೆ ಹೋಗಿ ಇ-ಖಾತಾ ಆಯಿತು, 2024ರ ಅಕ್ಟೋಬರ್‌ನಿಂದ ಅದಿಲ್ಲದೆ ನೋಂದಣಿಯೇ ಆಗುವುದಿಲ್ಲ. ಕುಡಿಯುವ ನೀರಿನ ದೊಡ್ಡ ಯೋಜನೆ ಮಾಡುವುದು ನೀರು ಸರಬರಾಜು ಮಂಡಳಿ. ಬಡಾವಣೆಗೆ ಒಪ್ಪಿಗೆ ಕೊಡುವುದು ನಗರಾಭಿವೃದ್ಧಿ ಪ್ರಾಧಿಕಾರ. ರಸ್ತೆಗೆ ದುಡ್ಡು ಬರುವುದು ಬೆಂಗಳೂರಿನಿಂದ, ಗುದ್ದಲಿ ಪೂಜೆ ಮಾಡುವುದು ಶಾಸಕರು. ಮಧ್ಯದಲ್ಲಿ ಸದಸ್ಯರು ಯಾಕೆ?

ಸಿಟ್ಟಿಗೆ ಹೇಳುತ್ತಿಲ್ಲ. ಸದಸ್ಯರಿಲ್ಲದೆ ನಡೆಸಿ ನೋಡಿದ್ದೂ ಆಗಿದೆ. ಮಂಡ್ಯ, ಮದ್ದೂರು ಸೇರಿ ಎಷ್ಟೋ ಊರುಗಳಲ್ಲಿ 2018ರ ಆಗಸ್ಟ್‌ನಲ್ಲಿ ಮತ ಹಾಕಿದೆವು. ಅಧ್ಯಕ್ಷರ ಹುದ್ದೆಯ ಮೀಸಲಾತಿ ಪಟ್ಟಿ ಕೋರ್ಟಿಗೆ ಹೋಯಿತು. ಅಧ್ಯಕ್ಷರು ಕುರ್ಚಿ ಮೇಲೆ ಕೂತಿದ್ದು 2020ರ ಕೊನೆಗೆ. ಮೊದಲ 30 ತಿಂಗಳ ಅವಧಿ ಮುಗಿದ ಮೇಲೆ ಮತ್ತೆ ವರ್ಷಕ್ಕೂ ಜಾಸ್ತಿ ಖಾಲಿ. ಮೈಸೂರಿನ 65 ವಾರ್ಡಿನ ಪಾಲಿಕೆಯ ಅವಧಿ 2023ರ ನವೆಂಬರ್‌ನಲ್ಲೇ ಮುಗಿಯಿತು, ಆಮೇಲೆ ಅಧಿಕಾರಿಗಳದೇ ಆಡಳಿತ. ಅಷ್ಟು ದಿನ ಕಸದ ಗಾಡಿ ಬರಲಿಲ್ವಾ? ನಲ್ಲಿಯಲ್ಲಿ ನೀರು ಬರಲಿಲ್ವಾ?

ಹಾಜರಿ ಪುಸ್ತಕ:
ಸ್ವಾಮಿ, ನಾನು ಕಂದಾಯ ಶಾಖೆಯಲ್ಲಿ ಸವೆದು ನಿವೃತ್ತಿಯಾದವನು. ಯಾವ ಊರು ಅಂತ ಕೇಳಬೇಡಿ.

ನೀವು ಕೊಟ್ಟ ಪಟ್ಟಿ ಸರಿಯಾಗಿದೆ. ಆದರೆ ಅದು ಹಾಗಾದದ್ದು ತಾನಾಗಿ ಅಲ್ಲ. ಪುರಸಭೆಗಳಿಗೆ ಸಂವಿಧಾನದಲ್ಲಿ ಜಾಗ ಕೊಟ್ಟ 74ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರ ಜೂನ್ 1ಕ್ಕೆ. ಸಂವಿಧಾನದ 12ನೇ ಅನುಸೂಚಿಯಲ್ಲಿ 18 ಕೆಲಸ ಬರೆದಿದ್ದಾರೆ. ಮೊದಲನೆಯದೇ ನಗರ ಯೋಜನೆ. ನೀರು, ರಸ್ತೆ, ಕೊಳೆಗೇರಿ, ಪಾರ್ಕು, ಸ್ಮಶಾನ, ಬೀದಿ ದೀಪ ಎಲ್ಲ ಅದರಲ್ಲಿದೆ. ಆದರೆ ಇವನ್ನು ರಾಜ್ಯಗಳು ಕೊಡಬಹುದು ಅಂತ ಬರೆದರು, ಕೊಡಲೇಬೇಕು ಅಂತ ಬರೆಯಲಿಲ್ಲ. ಅಧಿಕಾರ ಇರುವ ಕೆಲಸ ಒಂದೊಂದೂ ಒಂದೊಂದು ಮಂಡಳಿಗೆ ಹೋಯಿತು. ಪುರಸಭೆಗೆ ಉಳಿದಿದ್ದು ಕಸ, ಚರಂಡಿ, ಬೀದಿನಾಯಿ ಮತ್ತು ಬೈಗುಳ.

ಇನ್ನು ದುಡ್ಡು. 15ನೇ ಹಣಕಾಸು ಆಯೋಗ ಕೊಟ್ಟದ್ದರಲ್ಲಿ ಶೇ 60 ಭಾಗ ನೀರು ಮತ್ತು ನೈರ್ಮಲ್ಯಕ್ಕೇ ಅಂತ ಕಟ್ಟಿಟ್ಟ ದುಡ್ಡು. ಉಳಿದ ಶೇ 40ರಲ್ಲಿ ಸಂಬಳ ಕೊಡುವ ಹಾಗಿರಲಿಲ್ಲ. ಎಸ್‌ಎಫ್‌ಸಿ (ರಾಜ್ಯ ಹಣಕಾಸು ಆಯೋಗ) ಅನುದಾನದಲ್ಲಿ ಪಂಪ್‌ಹೌಸ್, ಬೀದಿ ದೀಪದ ಕರೆಂಟ್ ಬಿಲ್ಲಿಗೇ ಒಂದು ದೊಡ್ಡ ಪಾಲು. ಶೇ 24.10 ಪರಿಶಿಷ್ಟರಿಗೆ, ಶೇ 7.25 ಇತರ ಬಡವರಿಗೆ ಅಂತ ತೆಗೆದಿಡಬೇಕು, ಅದು ಆಗಬೇಕಾದದ್ದೇ. ನಿಮ್ಮ ತೆರಿಗೆ ಚಲನ್ ಒಮ್ಮೆ ಕೈಗೆ ತಗೊಳ್ಳಿ. ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3. ವಸೂಲಿ ಮಾಡುವುದು ನಾವು, ದುಡ್ಡು ಹೋಗುವುದು ಬೇರೆಯವರಿಗೆ.

ಸದಸ್ಯರು ತಮ್ಮ ಬುದ್ಧಿಯಿಂದ ಖರ್ಚು ಮಾಡಬಹುದಾದದ್ದು ಸ್ವಂತ ಆದಾಯ ಮಾತ್ರ. ಆಸ್ತಿ ತೆರಿಗೆ, ನೀರಿನ ಕರ, ಮಳಿಗೆ ಬಾಡಿಗೆ, ಉದ್ದಿಮೆ ಪರವಾನಗಿ, ಸಂತೆ ಸುಂಕ. ತಮಾಷೆ ಏನು ಅಂದರೆ ಅದನ್ನು ವಸೂಲಿ ಮಾಡಲು ಬಿಡದವರೂ ಅವರೇ. ಬಿಲ್ ಕಲೆಕ್ಟರ್ ಬೀದಿಗೆ ಇಳಿದ ತಕ್ಷಣ ಫೋನ್ ಬರುತ್ತದೆ, 'ಎಲೆಕ್ಷನ್ ಮುಗೀಲಿ, ಸ್ವಲ್ಪ ತಡಿಯಪ್ಪ' ಅಂತ.

ವಾರ್ಡಿನ ಅಕ್ಕ:
ಹಳೇ ಹೆದ್ದಾರಿ ಅವರೇ, ಕಸದ ಗಾಡಿ ಬರಲಿಲ್ವಾ ಅಂತ ಕೇಳಿದಿರಿ. ಬಂತು, ದೊಡ್ಡ ಬೀದಿಗೆ. ಸಂದಿಯೊಳಗೆ ಬರಲಿಲ್ಲ. ಅದನ್ನು ಹೇಳಲು ಯಾರ ಬಾಗಿಲಿಗೆ ಹೋಗಬೇಕು ಅಂತ ಜನಕ್ಕೆ ಗೊತ್ತಾಗಲಿಲ್ಲ.

ನಾನು ಮಹಿಳಾ ಮೀಸಲಿನಲ್ಲಿ ಗೆದ್ದು ಒಂದು ಅವಧಿ ಸದಸ್ಯೆ ಆಗಿದ್ದವಳು. ಮೊದಮೊದಲು ನಮ್ಮ ಮನೆಯವರನ್ನೇ 'ಮೆಂಬರ್' ಅಂತ ಕರೆಯುತ್ತಿದ್ದರು, ನಾನು ಸಹಿ ಹಾಕುವವಳು. ನೀರು ಬಂದ್ ಆದಾಗ ಹೆಂಗಸರು ನನ್ನ ಹತ್ತಿರವೇ ಬರತೊಡಗಿದ ಮೇಲೆ ಅದು ಬದಲಾಯಿತು. ಬೆಳಗಿನ ಜಾವ ಫೋನ್. ವಾಲ್ವ್ ಬಿಡುವವನು ಬಂದಿಲ್ಲ. ಯುಜಿಡಿ (ಒಳಚರಂಡಿ) ಉಕ್ಕಿದೆ. ಅಜ್ಜಿಯ ಪಿಂಚಣಿ ನಿಂತಿದೆ. ಪಿಂಚಣಿ ಪುರಸಭೆಯದಲ್ಲ, ತಾಲ್ಲೂಕು ಕಚೇರಿಯದು. ಹಾಗಂತ ಅಜ್ಜಿಯನ್ನು ವಾಪಸ್ ಕಳಿಸುವುದಕ್ಕೆ ಆಗುತ್ತದಾ?

ಆಡಳಿತಾಧಿಕಾರಿ ಅಂದರೆ ಸಾಮಾನ್ಯವಾಗಿ ಉಪವಿಭಾಗಾಧಿಕಾರಿಯೋ ತಹಶೀಲ್ದಾರರೋ ಇರುತ್ತಾರೆ. ಅವರಿಗೆ ಜಮೀನಿನ ಕೇಸು, ಬರ, ಚುನಾವಣೆ, ಜಾತ್ರೆ ಎಲ್ಲ ಇದೆ. ಕಡತ ಅವರ ಮೇಜಿಗೆ ಹೋಗುತ್ತದೆ. ಸಂದಿಯ ಚರಂಡಿ ಹೋಗುವುದಿಲ್ಲ.

ಅಧಿಕಾರದ ಮಾತು ಕೇಳಿದರೆ ಮಾತ್ರ ನಗು ಬರುತ್ತದೆ. ಬೀಗದ ಕೈ ಅತ್ತೆ ಸೊಂಟದಲ್ಲಿ, ಬಂದವರಿಗೆ ಅಡುಗೆ ಆಗಿಲ್ಲ ಅಂತ ಬೈಸಿಕೊಳ್ಳುವವಳು ಸೊಸೆ. ಸದಸ್ಯರ ಪಾಡು ಅದೇ.

ಕೊನೇ ಕ್ರಾಸ್:
ಅಕ್ಕ, ನಿಮ್ಮಂಥವರು ನಮ್ಮ ವಾರ್ಡಿಗೆ ಸಿಗಲಿಲ್ಲ ಅಷ್ಟೇ. ನನ್ನ ಕಥೆ ಕೇಳಿ. ಊರಿನ ಹೆಸರು ಬೇಡ.

ಖಾಸಗಿ ಬಡಾವಣೆಯಲ್ಲಿ ಸೈಟ್ ತಗೊಂಡೆವು. ಪ್ರಾಧಿಕಾರದ ನಕ್ಷೆ ಇದೆ, ಪಾರ್ಕ್ ತೋರಿಸಿದ್ದಾರೆ, ನಾಗರಿಕ ಸೌಲಭ್ಯದ ನಿವೇಶನ ತೋರಿಸಿದ್ದಾರೆ. ಕೆಲಸ ಮುಗಿದ ಹಾಗೆಲ್ಲ ಹಂತ ಹಂತವಾಗಿ ಸೈಟ್ ಬಿಡುಗಡೆ ಮಾಡಬೇಕು ಅಂತ ನಿಯಮ. ಇಲ್ಲಿ ಸೈಟ್ ಎಲ್ಲ ಬಿಡುಗಡೆ ಆಗಿದೆ, ಒಳಚರಂಡಿ ಪೈಪ್ ಮಾತ್ರ ಕೊನೇ ಕ್ರಾಸಿನಲ್ಲಿ ಭೂಮಿಯೊಳಗೇ ಮುಗಿದುಹೋಗಿದೆ. ಮುಂದಕ್ಕೆ ಯಾವುದಕ್ಕೂ ಸೇರಿಲ್ಲ! ಮಳೆ ಬಂದರೆ ನೀರೆಲ್ಲ ಪಕ್ಕದ ಗದ್ದೆಗೆ. ಗದ್ದೆಯವರು ನಮ್ಮ ಜೊತೆ ಜಗಳಕ್ಕೆ ಬರುತ್ತಾರೆ, ಅವರ ತಪ್ಪೇನು ಪಾಪ.

ಪ್ರಾಧಿಕಾರ 'ಪುರಸಭೆಗೆ ಹಸ್ತಾಂತರ ಆಗಿದೆ' ಅನ್ನುತ್ತದೆ. ಪುರಸಭೆ 'ಹಸ್ತಾಂತರ ಪೂರ್ತಿ ಆಗಿಲ್ಲ' ಅನ್ನುತ್ತದೆ. ಡೆವಲಪರ್ ಬೇರೆ ಊರಿನಲ್ಲಿ ಇನ್ನೊಂದು ಬಡಾವಣೆ ಮಾಡುತ್ತಿದ್ದಾರೆ. ತೆರಿಗೆ ಮಾತ್ರ ಕಟ್ಟುತ್ತಲೇ ಇದ್ದೇವೆ.

ನನ್ನ ಪ್ರಕಾರ ಪುರಸಭೆ ಬೇಕು. ಬಡಾವಣೆಗೆ ಒಪ್ಪಿಗೆ ಕೊಡುವಾಗಲೇ 'ನಮ್ಮ ಕೈಲಿ ಇಷ್ಟು ನೀರಿದೆ, ಇಷ್ಟು ಮನೆಯ ಕೊಳಚೆ ತಗೊಳ್ಳಬಹುದು, ಅದಕ್ಕಿಂತ ಜಾಸ್ತಿ ಆಗಲ್ಲ' ಅಂತ ಹೇಳುವ ಹಕ್ಕು ಅದಕ್ಕೆ ಇರಬೇಕು. ನಾಳೆ ನೀರು ಕೊಡಬೇಕಾದವರು ಅವರು, ಇವತ್ತು ಒಪ್ಪಿಗೆ ಕೊಡುವವರು ಇನ್ನೊಬ್ಬರು. ಇದು ಹೇಗೆ ಸರಿಹೋಗುತ್ತದೆ?

ಚಾಮರಾಜಪುರಂ:
ಇದು ಹೊಸ ರೋಗ ಏನಲ್ಲ. ಪ್ಲೇಗ್ ಬಂದುಹೋದ ಮೇಲೆ 1903ರಲ್ಲಿ ಮೈಸೂರಿಗೆ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಮಾಡಿದರು. ಹೊಸ ಮೊಹಲ್ಲಾ ಕಟ್ಟುವುದು ಅವರ ಕೆಲಸ, ದಿನಾ ಗುಡಿಸುವುದು ಮುನಿಸಿಪಾಲಿಟಿ ಕೆಲಸ. ಅದೇ ಮುಂದೆ ಮುಡಾ (ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ) ಆಯಿತು, ಈಗ ಎಂಡಿಎ (ಮೈಸೂರು ಅಭಿವೃದ್ಧಿ ಪ್ರಾಧಿಕಾರ). ಟ್ರಸ್ಟ್ ಬೋರ್ಡ್ ಕೆಲಸ ಚೆನ್ನಾಗಿ ಮಾಡಿತು ಅನ್ನುವುದು ಬೇರೆ ಮಾತು, ನಮ್ಮ ಅಗಲ ರಸ್ತೆಗಳಿಗೆ ಅದೂ ಒಂದು ಕಾರಣ. ಆದರೆ ಕಟ್ಟುವವನು ಒಬ್ಬ, ನೋಡಿಕೊಳ್ಳುವವನು ಇನ್ನೊಬ್ಬ ಅನ್ನುವ ಪದ್ಧತಿ ಅಲ್ಲಿಂದಲೇ ಬಂದಿದೆ.

ರಿಂಗ್ ರೋಡ್ ಆಚೆ:
ನಾನು ಹೂಟಗಳ್ಳಿ ಕಡೆಯವಳು. ನಮ್ಮಲ್ಲಿ ಆದದ್ದನ್ನು ಕೇಳಿದರೆ ಸಣ್ಣ ಪಟ್ಟಣದವರಿಗೆ ಉಪಯೋಗ ಆಗಬಹುದು.

ಸುತ್ತಲಿನ ಗ್ರಾಮ ಪಂಚಾಯಿತಿಗಳನ್ನು ಸೇರಿಸಿ ಹೂಟಗಳ್ಳಿ ನಗರಸಭೆ ಮಾಡಿದರು. ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿ ಆದವು. ಪಂಚಾಯಿತಿ ಸದಸ್ಯರು ಮನೆಗೆ ಹೋದರು, ಆಡಳಿತಾಧಿಕಾರಿ ಬಂದರು. ಈಗ ಎಲ್ಲವನ್ನೂ ಬೃಹತ್ ಮೈಸೂರಿಗೆ ಸೇರಿಸುವ ಮಾತು. ಅಂದರೆ ನಮ್ಮ ಊರು ಹಳ್ಳಿ ಆಗಿತ್ತು, ಪಟ್ಟಣ ಆಯಿತು, ನಗರ ಆಗುತ್ತದೆ. ಇಷ್ಟರಲ್ಲಿ ಯಾವ ಹಂತದಲ್ಲೂ ಯಾರೂ ನಮ್ಮನ್ನು ಕೂರಿಸಿಕೊಂಡು ಮಾತಾಡಲಿಲ್ಲ.

ಹಳ್ಳಿಯಾಗಿದ್ದಾಗ ಗ್ರಾಮಸಭೆ ಇತ್ತು. ಜನ ಬರುತ್ತಿದ್ದದ್ದು ಕಮ್ಮಿ, ಗಲಾಟೆ ಜಾಸ್ತಿ, ಒಪ್ಪುತ್ತೇನೆ. ಆದರೂ ಎದ್ದು ನಿಂತು 'ಆ ದುಡ್ಡು ಏನಾಯಿತು' ಅಂತ ಕೇಳುವುದಕ್ಕೆ ಒಂದು ಜಾಗ ಅಂತ ಇತ್ತು. ಪಟ್ಟಣ ಆದ ದಿನವೇ ಅದು ಹೋಯಿತು. ವಾರ್ಡ್ ಸಮಿತಿ ಕಡ್ಡಾಯ ಇರುವುದು 3 ಲಕ್ಷ ಮತ್ತು ಅದಕ್ಕಿಂತ ಜಾಸ್ತಿ ಜನ ಇರುವ ಕಡೆ ಮಾತ್ರ. ಹಾಗಾಗಿ 3,000 ಜನರ ಹಳ್ಳಿಗೆ ಸಭೆ ಇದೆ, ದೊಡ್ಡ ನಗರಕ್ಕೆ ಸಮಿತಿ ಇದೆ, ಮಧ್ಯದ 30,000 ಜನರ ಊರಿಗೆ ಎರಡೂ ಇಲ್ಲ. ಕೂಲಿ ಮಾಡುವವರಿಗೆ ನರೇಗಾ ಕೆಲಸವೂ ಹೋಯಿತು, ತೆರಿಗೆ ಮಾತ್ರ ಏರಿತು. ಮೇಲ್ದರ್ಜೆಗೆ ಏರಿಸಿದ್ದೇವೆ ಅಂತ ಪಟಾಕಿ ಹೊಡೆದಿದ್ದರು.

ಪಕ್ಕದ ಕೇರಳದಲ್ಲಿ 1 ಲಕ್ಷದ ಒಳಗಿನ ಪಟ್ಟಣಗಳಿಗೂ ವಾರ್ಡ್ ಸಭೆ ಇದೆ. ಅಲ್ಲಿ ಆಗುವುದು ಇಲ್ಲಿ ಯಾಕೆ ಆಗಬಾರದು?

ಹಳೇ ಹೆದ್ದಾರಿ:
ಇದು ನನಗೆ ಹೊಳೆದಿರಲಿಲ್ಲ ಮೇಡಂ. ಆದರೆ ಸಭೆ ಕೊಟ್ಟರೆ ಜನ ಬರುತ್ತಾರಾ? ಟಿವಿ, ಮೊಬೈಲು ಬಿಟ್ಟು?

ರಿಂಗ್ ರೋಡ್ ಆಚೆ:
ನೀರು ಮೂರು ದಿನ ಬರದಿದ್ದರೆ ಬರುತ್ತಾರೆ.

ಗಾಡಿ ನಿಲ್ಲಿಸಿ:
ಎಲ್ಲರೂ ಕಾಯಿದೆ ಮಾತಾಡುತ್ತಿದ್ದೀರಿ. ನಾನು ಮದ್ದೂರಿನ ಹಳೇ ರಸ್ತೆಯಲ್ಲಿ ಅಂಗಡಿ ಇಟ್ಟವನು, ವ್ಯಾಪಾರದ ಮಾತಾಡುತ್ತೇನೆ.

2023ರ ಮಾರ್ಚ್ 12ಕ್ಕೆ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯಿತು. ಒಳ್ಳೇದೇ, ಆಂಬುಲೆನ್ಸ್ ಬೇಗ ಹೋಗುತ್ತದೆ. ಆದರೆ ಬಿಡದಿಯಿಂದ ಶ್ರೀರಂಗಪಟ್ಟಣದವರೆಗೆ ಒಂದೊಂದು ಊರೂ ಹೆದ್ದಾರಿಯನ್ನೇ ನಂಬಿಕೊಂಡು ಬೆಳೆದದ್ದು. ಮಂಡ್ಯಕ್ಕೆ ಬೈಪಾಸ್ ಆಯಿತು. ಮದ್ದೂರಿನಲ್ಲಿ ಗಾಡಿಗಳು ಮೇಲ್ಸೇತುವೆಯ ಮೇಲೆ ಹೋಗುತ್ತವೆ. ವಡೆ ತಿನ್ನಬೇಕಾದವರು ನಮ್ಮ ತಲೆ ಮೇಲೆ ಹಾದುಹೋಗುತ್ತಾರೆ. ಚನ್ನಪಟ್ಟಣದ ಗೊಂಬೆ ಅಂಗಡಿಯವರಿಗೂ ಇದೇ ಪಾಡು.

ಇಂಥ ಹೊತ್ತಿಗೆ ಊರಿನ ಪರವಾಗಿ ಮಾತಾಡುವವರು ಯಾರು? ಶಾಸಕರಿಗೆ ಇಡೀ ತಾಲ್ಲೂಕು ನೋಡಬೇಕು. ಹೆದ್ದಾರಿ ಪ್ರಾಧಿಕಾರಕ್ಕೆ ನಾವು ನಕ್ಷೆಯಲ್ಲಿ ಒಂದು ಚುಕ್ಕಿ. ಊರೊಳಗೆ ಬರಲು ಸರಿಯಾದ ಫಲಕ ಎಲ್ಲಿ ಬೇಕು, ಹಳೇ ರಸ್ತೆಯಲ್ಲಿ ನಿಲ್ಲಿಸಲು ಜಾಗ, ಶೌಚಾಲಯ, ಸಂಜೆ ತಿಂಡಿ ಬೀದಿ, ಇದನ್ನೆಲ್ಲ ಯೋಚಿಸುವುದು ಯಾವ ಇಲಾಖೆ? ಎಲ್ಲ ಕಡೆ ನೋಡಿದರೆ ಉತ್ತರ ಪುರಸಭೆಯೇ. ಬೀದಿ ವ್ಯಾಪಾರಿಗಳ ಕಾಯಿದೆ 2014ರಲ್ಲೇ ಬಂತು. ಪಟ್ಟಣ ಮಾರಾಟ ಸಮಿತಿ ಮಾಡಬೇಕು, ಅದರಲ್ಲಿ ಶೇ 40ಕ್ಕೆ ಕಡಿಮೆ ಇಲ್ಲದಂತೆ ವ್ಯಾಪಾರಿಗಳೇ ಇರಬೇಕು, ಜಾಗ ಗುರುತಿಸಬೇಕು ಅಂತ ಅದರಲ್ಲಿದೆ. ಇದಕ್ಕೆ ಕೋಟಿಗಟ್ಟಲೆ ಬೇಕಿಲ್ಲ. ಒಂದು ಸಭೆ, ಒಂದು ಡಬ್ಬಿ ಬಿಳಿ ಬಣ್ಣ, ಸ್ವಲ್ಪ ಧೈರ್ಯ.

ಸುಮ್ನೆ ನೋಡ್ತಿದ್ದೆ:
ಧೈರ್ಯಕ್ಕೆ ಟೆಂಡರ್ ಕರೆಯಬೇಕಾಗುತ್ತದೆ ಅಣ್ಣ.

ಕೋಟೆ ಒಳಗೆ:
ಶ್ರೀರಂಗಪಟ್ಟಣದ ಲೆಕ್ಕವೇ ಬೇರೆ. ಕೋಟೆ, ದರಿಯಾ ದೌಲತ್, ಗುಂಬಜ್ ಎಲ್ಲ ಪುರಾತತ್ವ ಇಲಾಖೆಯ ಕೈಲಿ. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವ ಹಾಗಿಲ್ಲ. ಅದರಾಚೆ ಇನ್ನು 200 ಮೀಟರ್ ಅನುಮತಿ ಬೇಕು. ಸ್ಮಾರಕ ಒತ್ತೊತ್ತಾಗಿ ಇರುವ ಊರಿನಲ್ಲಿ ಈ ವೃತ್ತಗಳನ್ನು ಎಳೆದರೆ ಉಳಿಯುವುದು ಎಷ್ಟು ಅಂತ ನೀವೇ ಊಹಿಸಿ. ಮನೆಯ ಮಾಡು ಸೋರಿದರೂ ಕಾಗದ ಓಡಾಡಬೇಕು. ಸ್ಮಾರಕ ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಳಗೆ ಬದುಕುವವರ ಪರವಾಗಿ ದೆಹಲಿಗೆ ಕಾಗದ ಬರೆಯುವವರು ಊರಿನವರೇ ಆಗಿರಬೇಕು ಅಲ್ವಾ.

ಇನ್ನೊಂದು ವಿಷಯ, ಇದಕ್ಕೆ ಯಾರೂ ಗಮನ ಕೊಡುವುದಿಲ್ಲ. ಅನುದಾನ, ಪೌರಕಾರ್ಮಿಕರ ಸಂಖ್ಯೆ ಎಲ್ಲ ಜನಸಂಖ್ಯೆಯ ಮೇಲೆ ನಿಂತಿದೆ. 700 ಜನರಿಗೆ ಒಬ್ಬ ಪೌರಕಾರ್ಮಿಕ ಅಂತ ಲೆಕ್ಕ. ಯಾವ ಜನಸಂಖ್ಯೆ? 2011ರದು. ಮುಂದಿನ ಎಣಿಕೆ 2027ಕ್ಕೆ. ಅದೂ ಅಲ್ಲಿ ವಾಸ ಇರುವವರದು ಮಾತ್ರ. ಪಶ್ಚಿಮವಾಹಿನಿಗೆ ಅಸ್ಥಿ ಬಿಡಲು ಬರುವವರು, ನಿಮಿಷಾಂಬಕ್ಕೆ ಬರುವವರು, ಸಂಗಮಕ್ಕೆ ಬರುವವರು ಯಾರ ಲೆಕ್ಕದಲ್ಲೂ ಇಲ್ಲ. ಅವರು ಬಿಟ್ಟುಹೋದ ಬಟ್ಟೆ, ಮಡಕೆ, ಪ್ಲಾಸ್ಟಿಕ್ ಎತ್ತುವವರು ಮಾತ್ರ ನಮ್ಮ ಪೌರಕಾರ್ಮಿಕರು. ನಂಜನಗೂಡಿನಲ್ಲಿ ಕಪಿಲೆ ದಂಡೆಗೆ ಹೋಗಿ ನೋಡಿ, ಇದೇ ಕಥೆ. ಯಾತ್ರಿಕರ ಊರಿಗೆ ಯಾತ್ರಿಕರ ಲೆಕ್ಕದಲ್ಲೇ ದುಡ್ಡು ಕೊಡಬೇಕು.

ಹಾಜರಿ ಪುಸ್ತಕ:
ಕೋಟೆಯವರು ಹೇಳಿದ್ದು ನೂರಕ್ಕೆ ನೂರು ಸರಿ. 2011ರ ಲೆಕ್ಕದಿಂದ ವಾರ್ಡಿಗೂ ತೊಂದರೆ ಇದೆ. ಹಳೇ ಪೇಟೆಯಲ್ಲಿ ಮನೆಗಳು ಅಂಗಡಿ ಆಗಿ ಜನ ಕಮ್ಮಿ ಆದರು, ಊರಂಚಿನ ವಾರ್ಡಿನಲ್ಲಿ ಎರಡು ಪಟ್ಟು ಆದರು. ಇಬ್ಬರಿಗೂ ಒಬ್ಬೊಬ್ಬನೇ ಸದಸ್ಯ.

ಊರಂಚಿನ ಮಾತು ಬಂತು ಅಂತ ಒಪ್ಪಿಗೆ ಇಲ್ಲದ ಸೈಟಿಗೆ ಕೊಡುವ ಬಿ-ಖಾತಾ ನೆನಪಾಯಿತು. 2025ರಲ್ಲಿ ಅದನ್ನು ಕೊಡಲು ಶುರು ಮಾಡಿದಾಗ ಕೌಂಟರ್ ಮುಂದೆ ಸಾಲೋ ಸಾಲು. ಜನ ಅಂದುಕೊಂಡಿದ್ದಾರೆ ಸೈಟ್ ಸಕ್ರಮ ಆಯಿತು ಅಂತ. ಆಗಿಲ್ಲ. ಅದು ತೆರಿಗೆ ಕಟ್ಟಿಸಿಕೊಳ್ಳುವ ದಾಖಲೆ, ಅಷ್ಟೇ. ಆದರೆ ಒಂದು ಲಾಭ ಇದೆ. ಇಷ್ಟು ದಿನ ಲೆಕ್ಕದಲ್ಲೇ ಇಲ್ಲದ ಮನೆಗಳು ಪುಸ್ತಕಕ್ಕೆ ಬಂದವು. ತೆರಿಗೆ ಕೊಟ್ಟವರು ರಸ್ತೆ ಕೇಳುತ್ತಾರೆ. ಕೇಳಲಿ. ಕೇಳಿದಾಗ ಉತ್ತರ ಕೊಡುವ ಕುರ್ಚಿ ಖಾಲಿ ಇರಬಾರದು, ನನ್ನ ತಕರಾರು ಅದೊಂದೇ.

ನೇರ ಮಾತು:
ಎಲ್ಲರೂ ಪುರಸಭೆಯನ್ನು ಪಾಪದ ಹಸು ಮಾಡಿಬಿಟ್ಟಿರಿ. ಸದಸ್ಯರ ಇನ್ನೊಂದು ಮುಖವೂ ಇದೆ. ಬಸ್ ನಿಲ್ದಾಣದ ಹತ್ತಿರದ ಮಳಿಗೆ ಹಳೇ ಬಾಡಿಗೆಯಲ್ಲೇ ವರ್ಷಗಟ್ಟಲೆ. ಹರಾಜಿಗೆ ಹಾಕಿದರೆ ತಡೆಯಾಜ್ಞೆ. ಹೊರಗಿನವರಿಗೆ ಒಳಬಾಡಿಗೆ. ಆ ವಿಷಯ ಅಜೆಂಡಾಕ್ಕೆ ಬಂದ ದಿನ ಸಭೆಯಲ್ಲಿ ಕೋರಂ ಇರುವುದಿಲ್ಲ. ಅಧ್ಯಕ್ಷರ ಚುನಾವಣೆ ಬಂದರೆ ಸದಸ್ಯರು ರೆಸಾರ್ಟಿಗೆ. ಶಾಸಕರು, ಸಂಸದರಿಗೂ ಅಲ್ಲಿ ಓಟಿದೆ, 23 ಜನರ ಸಭೆಯಲ್ಲಿ ಆ ಎರಡು ಓಟು ಅಂದರೆ ಸಣ್ಣ ಮಾತಲ್ಲ. 30 ತಿಂಗಳ ಕುರ್ಚಿಯನ್ನೂ ಒಳ ಒಪ್ಪಂದ ಮಾಡಿಕೊಂಡು ಹಂಚಿಕೊಳ್ಳುತ್ತಾರೆ. ಒಬ್ಬರು ಕಡತ ಓದಲು ಕಲಿಯುವ ಹೊತ್ತಿಗೆ ರಾಜೀನಾಮೆ.

ಇಂಥವರಿಗೆ ಇನ್ನೂ ಅಧಿಕಾರ ಕೊಡಿ ಅಂತೀರಾ?

ವಾರ್ಡಿನ ಅಕ್ಕ:
ಕೊಡಿ ಅಂತೀನಿ. ಅಧಿಕಾರ ಇಲ್ಲದ ಕಡೆ ಕುರ್ಚಿಗೆ ಮಾತ್ರ ಬೆಲೆ, ಅದಕ್ಕೇ ರೆಸಾರ್ಟ್. ಐದು ವರ್ಷಕ್ಕೆ ಒಬ್ಬರೇ ಅಧ್ಯಕ್ಷರು ಇರಲಿ. ಮಳಿಗೆ ಪಟ್ಟಿ, ಯಾರಿಗೆ, ಎಷ್ಟು ಬಾಡಿಗೆ, ಎಷ್ಟು ಬಾಕಿ, ಅಂತ ಕಚೇರಿ ಗೋಡೆ ಮೇಲೆ ಬರೆಸಿ. ನಾನು ಸದಸ್ಯೆ ಆಗಿದ್ದಾಗಲೂ ಇದನ್ನು ಕೇಳಿದ್ದೆ. ಸಭೆಯಲ್ಲಿ ಎಲ್ಲರೂ ಫ್ಯಾನ್ ನೋಡಿದರು.

ಇನ್ನೊಂದು. ಊರಿನಲ್ಲಿ ವಯಸ್ಸಾದವರು ಜಾಸ್ತಿ ಆಗುತ್ತಿದ್ದಾರೆ, ಮಕ್ಕಳು ಬೆಂಗಳೂರು. ಅವರಿಗೆ ಆನ್‌ಲೈನ್ ಅಂದರೆ ಸೈಬರ್ ಸೆಂಟರಿನ ಹುಡುಗನಿಗೆ ದುಡ್ಡು ಕೊಡುವುದು. ಪುರಸಭೆಯಲ್ಲಿ ಒಂದು ಕಿಟಕಿ, ಅಲ್ಲಿ ಒಬ್ಬ ತಾಳ್ಮೆಯ ಮನುಷ್ಯ, ಯಾವ ಇಲಾಖೆಯ ಅರ್ಜಿ ಆದರೂ ತುಂಬಿಕೊಡಬೇಕು. ಮುಂದೆ ಪುರಸಭೆ ಏನು ಮಾಡಬೇಕು ಅಂತ ಕೇಳಿದರೆ ನಾನು ಮೊದಲು ಹೇಳುವುದು ಇದು. ಸ್ಮಾರ್ಟ್ ಕಂಬ ಆಮೇಲೆ ನಿಲ್ಲಿಸಿ.

ಕೊನೇ ಕ್ರಾಸ್:
ಅಕ್ಕನ ಕಿಟಕಿಗೆ ನನ್ನ ಓಟು.

ನಾಲೆ ಏರಿ:
ತಡವಾಗಿ ಬಂದೆ. ಕೊಳಚೆ ನೀರಿನ ಮಾತು ಒಬ್ಬರೇ ಎತ್ತಿದರು. ನಾನು ಪಟ್ಟಣದ ಕೆಳಗಿನ ಹಳ್ಳಿಯವನು. ನಿಮ್ಮ ಬಚ್ಚಲಿನ ನೀರು ನಮ್ಮ ಹಳ್ಳ ಸೇರಿ, ಕೆರೆ ಸೇರಿ, ಅಲ್ಲಿಂದ ಗದ್ದೆಗೆ ಬರುತ್ತದೆ. ನಾಟಿ ಮಾಡುವ ಹೆಂಗಸರ ಕಾಲು ಕೆರೆತ ನೀವು ನೋಡಿಲ್ಲ. ನಾನು ಆ ಪುರಸಭೆಗೆ ಓಟು ಹಾಕುವುದಿಲ್ಲ, ಹಾಗಾಗಿ ಅಲ್ಲಿ ನನ್ನ ಮಾತಿಗೆ ಬೆಲೆ ಇಲ್ಲ. ಪುರಸಭೆ ಬೇಕೋ ಬೇಡವೋ ನೀವು ತೀರ್ಮಾನ ಮಾಡಿಕೊಳ್ಳಿ. ಶುದ್ಧೀಕರಣ ಘಟಕ ಇದ್ದರೆ ಅದು ಓಡಬೇಕು, ಕರೆಂಟ್ ಬಿಲ್ ಜಾಸ್ತಿ ಅಂತ ನಿಲ್ಲಿಸಬಾರದು. ವರ್ಷಕ್ಕೊಂದು ಸಾರಿಯಾದರೂ ಸುತ್ತಲಿನ ಪಂಚಾಯಿತಿಯವರನ್ನು ಪುರಸಭೆ ಸಭೆಗೆ ಕರೆಯಬೇಕು.

ಹಳೇ ಹೆದ್ದಾರಿ:
ನಾನಿನ್ನೂ ಪೂರ್ತಿ ಒಪ್ಪಿಲ್ಲ. ಅಧಿಕಾರಿ ಆಡಳಿತದಲ್ಲಿ ನಮ್ಮ ಕಡೆ ಖಾತೆ ಕೆಲಸ ಬೇಗ ಆಯಿತು, ಅದು ನಿಜ. ಆದರೆ ಬಡಾವಣೆ, ಹೆದ್ದಾರಿ, ಕೊಳಚೆ ಈ ಮೂರಕ್ಕೂ ಅಧಿಕಾರಿ ಉತ್ತರ ಕೊಡಲಿಲ್ಲ, ಅದೂ ನಿಜ. ಚುನಾವಣೆ ಯಾವಾಗ ಆಗುತ್ತದೋ ಆಗಲಿ. ಅಲ್ಲಿಯವರೆಗೆ ನಾವು ಮಾಡಬಹುದಾದದ್ದು ಏನಾದರೂ ಇದೆಯಾ ಹಾಜರಿ ಪುಸ್ತಕ ಸಾರ್?

ಹಾಜರಿ ಪುಸ್ತಕ:
ಇದೆ. ಬಜೆಟ್ ಪೂರ್ವಭಾವಿ ಸಭೆ. ಸದಸ್ಯರಿಲ್ಲದಿದ್ದರೂ ಆಡಳಿತಾಧಿಕಾರಿ ಇದನ್ನು ನಡೆಸುತ್ತಾರೆ. ಕರ್ನಾಟಕ ಪುರಸಭೆಗಳ ಲೆಕ್ಕಪತ್ರ ಮತ್ತು ಆಯವ್ಯಯ ನಿಯಮಗಳು 2006ರಲ್ಲಿ ಬಂದಾಗಿನಿಂದ ಸಾರ್ವಜನಿಕರನ್ನು ಕೇಳಿಯೇ ಬಜೆಟ್ ಮಾಡಬೇಕು. ಫೆಬ್ರುವರಿ-ಮಾರ್ಚ್‌ಗೆ ಮುಂಚೆ ನಡೆಯುತ್ತದೆ. ಕಚೇರಿ ನೋಟಿಸ್ ಬೋರ್ಡಿನಲ್ಲಿ ಹಾಕುತ್ತಾರೆ, ಸ್ಥಳೀಯ ಪತ್ರಿಕೆಯ ಮೂಲೆಯಲ್ಲಿ ಬರುತ್ತದೆ. ನನ್ನ ಕಾಲದಲ್ಲಿ ಬರುತ್ತಿದ್ದವರು ಒಬ್ಬಿಬ್ಬರು ಸಂಘದವರು, ಇಬ್ಬರು ವರದಿಗಾರರು. ಮೈಸೂರುಪಾಕು ಉಳಿಯುತ್ತಿತ್ತು.

ಬಾಯಲ್ಲಿ ಹೇಳಿ ಬರಬೇಡಿ. ಬರೆದು ಕೊಡಿ, ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ನಡವಳಿಯಲ್ಲಿ ಬಂದಿದೆಯಾ ಅಂತ ಆಮೇಲೆ ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ.

ಕೊನೇ ಕ್ರಾಸ್:
ನಮ್ಮ ಬಡಾವಣೆಯ ಪೈಪ್ ವಿಷಯ ಇದರಲ್ಲಿ ಕೊಡಬಹುದಾ ಸಾರ್, ಹಸ್ತಾಂತರ ಆಗಿಲ್ಲ ಅಂತಾರಲ್ಲ?

ಹಾಜರಿ ಪುಸ್ತಕ:
ಕೊಡಿ. ಜೊತೆಗೆ ನೀವು ಕಟ್ಟಿದ ತೆರಿಗೆ ರಸೀದಿಗಳ ಜೆರಾಕ್ಸ್ ಇಡಿ, ಎಲ್ಲ ಮನೆಯವರದೂ. ಹಸ್ತಾಂತರ ಆಗದ ಜಾಗಕ್ಕೆ ತೆರಿಗೆ ಹೇಗೆ ತಗೊಂಡಿರಿ ಅಂತ ಕೇಳಿ. ಉತ್ತರ ಏನು ಬಂತು ಅಂತ ಇಲ್ಲಿ ಹಾಕಿ, ಮುಂದಿನದು ನೋಡೋಣ.